ಸುಡದ ಎಣ್ಣೆಯ ಲೆಕ್ಕ

ಪ್ರಶ್ನೆ ಹನ್ನೊಂದು: ಈ ದೀಪ ಬರುವ ಮೊದಲು
ತಿಂಗಳಿಗೆ ಎಷ್ಟು ಲೀಟರ್ ಸೀಮೆಎಣ್ಣೆ ಸುಡುತ್ತಿದ್ದಿರಿ?

ಬಿನಾ ಮುನ್ಸಾಕಾ ನಕ್ಕಳು.
ಮೊರದ ಜೋಳವನ್ನು ಒಮ್ಮೆ ಮೇಲಕ್ಕೆ ಹಾರಿಸಿ,
ಹೊಟ್ಟು ನನ್ನ ಬೂಟಿನ ಮೇಲೆ ಬೀಳುವತನಕ ಕಾದು, ಹೇಳಿದಳು:
"ಮುನ್ಸಾಕಾ ಹುಟ್ಟಿದ ರಾತ್ರಿಗೆಂದು ಒಂದು ಬಾಟಲಿ ತಂದಿದ್ದೆವು.
ಅದರಲ್ಲೂ ಅರ್ಧ ಸಾವಿನ ಮನೆಗೆ ಕಡ ಹೋಯಿತು.
ಉಳಿದಂತೆ, ಬೆಳದಿಂಗಳಿದ್ದರೆ ಬೆಳದಿಂಗಳು.
ಇಲ್ಲದಿದ್ದರೆ ನಿದ್ದೆ."

ನನ್ನ ಟ್ಯಾಬ್ಲೆಟ್ಟಿನಲ್ಲಿ ಬೆಳದಿಂಗಳಿಗೆ ಕಾಲಂ ಇಲ್ಲ.
ಸೊನ್ನೆ ಒತ್ತಿದರೆ ಚೌಕ ಕೆಂಪಾಗುತ್ತದೆ,
ಮುಂದಿನ ಪ್ರಶ್ನೆಗೆ ಬಿಡುವುದಿಲ್ಲ.
ಲುಸಾಕಾದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಕಾಸಿಲ್ಲದೆ ಸುಡದೆ ಉಳಿದದ್ದನ್ನೂ
ಸುಟ್ಟಂತೆಯೇ ಎಣಿಸಿ.
ಇರಬಹುದಾಗಿದ್ದ ದೀಪದ
ಇರಬಹುದಾಗಿದ್ದ ಹೊಗೆ.
ನಾಲ್ಕು ಲೀಟರ್ ಎಂದು ಒತ್ತಿದೆ.
ಹಸಿರಾಯಿತು.

ಹೀಗೆ ನಾನು, ಚೋಲ್ವೆ ಹಮೂಂಗಾ, ದಿನಕ್ಕೆ ಹದಿನೆಂಟು ಮನೆ,
ಬಾಡಿಗೆ ಮೋಟಾರ್ ಸೈಕಲ್ಲಿನಲ್ಲಿ
ಗ್ವೆಂಬೆ ಕಣಿವೆಯ ಕಲ್ಲುದಾರಿಯುದ್ದಕ್ಕೂ
ಏಳದೇ ಹೋದ ಹೊಗೆಯನ್ನು ಕೊಯ್ಯುತ್ತ ಹೋಗುತ್ತೇನೆ.
ಹೊರೆ ಕಟ್ಟಿ ಕಳಿಸುತ್ತೇನೆ ಸಮುದ್ರದಾಚೆಯ
ಒಂದು ಸಿಮೆಂಟು ಕಂಪನಿಗೆ.
ಅಲ್ಲಿ ಹಗಲಿರುಳು ಉರಿಯುವ ಗೂಡಿನೊಳಗೆ
ಸುಣ್ಣಕಲ್ಲು ಬಿಡುವ ಉಸಿರು ಒಂದು ತಟ್ಟೆಯಲ್ಲಿ,
ಇವಳ ಕತ್ತಲೆ ಇನ್ನೊಂದರಲ್ಲಿ.
ಮುಳ್ಳು ನೆಟ್ಟಗೆ ನಿಲ್ಲುತ್ತದಂತೆ.
ಉಪ್ಪು ತಿಂದವರು ಅಲ್ಲಿ, ನೀರು ಕುಡಿಯುವವರು ಇಲ್ಲಿ,
ರಸೀದಿ ಹರಿಯುವವನು ನಾನು.

ಹಾಗೆಂದು ದೀಪ ಸುಳ್ಳಲ್ಲ.
ಹುಲ್ಲಿನ ಸೂರಿಗೆ ತಂತಿ ಬಿಗಿದು ಕೂರಿಸಿದ ನೀಲಿ ಹಲಗೆ,
ಹೆಚ್ಚೆಂದರೆ ಅವಳ ಮೊರದಗಲ.
ಕೋಳಿ ಹಾರಿ ಕೂತು ಹಿಕ್ಕೆ ಹಾಕುತ್ತದೆ,
ಮುನ್ಸಾಕಾ ಬಯ್ಯುತ್ತ ಹತ್ತಿ ಒರೆಸುತ್ತಾನೆ.
ಸಂಜೆ ಬಲ್ಬು ಹತ್ತಿದ ಮೇಲೆ
ಕಾಲಿಡುವ ಮೊದಲೇ ಚೇಳು ಕಾಣುತ್ತದೆ.
ಪಕ್ಕದ ಓಣಿಯ ಸೂಲಗಿತ್ತಿ
ಹೊಕ್ಕುಳಬಳ್ಳಿ ಕತ್ತರಿಸುವಾಗ
ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಳ್ಳುವುದಿಲ್ಲ ಈಗ.
ಪ್ರಶ್ನೆ ಇಪ್ಪತ್ತು: ತೃಪ್ತಿ ಇದೆಯೇ?
"ಇದೆ, ಬರಕೋ. ಚೇಳಿಗಿಲ್ಲ."

ನನ್ನ ಪ್ರಶ್ನೆಗಳು ಮುಗಿದವು. ಅವಳದು ಶುರುವಾಯಿತು.
ಗಲ್ಲ ಎತ್ತಿ ಆಕಾಶ ತೋರಿಸಿದಳು:
ಗೋಪುರದಿಂದ ಗೋಪುರಕ್ಕೆ ಜೋತ ದಪ್ಪ ತಂತಿಗಳು,
ಕರೀಬಾದಿಂದ ತಾಮ್ರದ ಗಣಿಗಳಿಗೆ
ಗುಂಯ್‌ಗುಡುತ್ತ.

"ಆ ನೀರಿನಡಿ ನಮ್ಮಜ್ಜಿಯ ಊರು.
ನದಿಗೆ ಗೋಡೆ ಕಟ್ಟಿದ ವರ್ಷ ಎಲ್ಲ ಲಾರಿಗೆ ಹತ್ತಿತು:
ಕೋಳಿ, ಡೋಲು, ಅಜ್ಜಿ, ಅವಳ ಹೊಟ್ಟೆಯಲ್ಲಿ ನಮ್ಮವ್ವ.
ಗೋರಿಗಳು ಹತ್ತಲಿಲ್ಲ.
ಕರೆಂಟು ಬರುತ್ತದೆ ಅಂದಿದ್ದರು.
ಬಂತು ನೋಡು, ತಲೆ ಮೇಲೆ ಹಾಸಿ ಹೋಯಿತು.
ಆ ಗೋಡೆಯನ್ನು ಏನು ಕಲಸಿ ಕಟ್ಟಿದರು?"

"ಸಿಮೆಂಟು" ಎಂದೆ.

"ಈ ದೀಪ ಕೊಟ್ಟವರು ಏನು ಮಾಡುತ್ತಾರೆ?"

ಅವಳಿಗೆ ಗೊತ್ತಿತ್ತು. ಹಲಗೆಯ ಬೆನ್ನಿನ ಚೀಟಿಯನ್ನು
ಮುನ್ಸಾಕಾ ಎಂದೋ ಓದಿ ಹೇಳಿದ್ದಾನೆ.
ನನ್ನ ಬಾಯಿಂದ ಬರಲೆಂದು ಕಾಯುತ್ತಿದ್ದಳು.

"ಸಿಮೆಂಟು."

ಮೊರ ಕೆಳಗಿಟ್ಟಳು.
"ಸರಿ ಹಾಗಾದರೆ. ಈ ತಂತಿಗಳ ಕೆಳಗೆ
ಅಜ್ಜಿ ಕತ್ತಲಲ್ಲಿ ಕೂತಳು, ಅವ್ವ ಕೂತಳು, ನಾನು ಕೂತೆ.
ಅದಷ್ಟೂ ಸುಡದ ಎಣ್ಣೆಯೇ.
ನೀನು ಮಾರುತ್ತಿರುವುದು ಈ ವರ್ಷದ್ದು ಮಾತ್ರ.
ಹಳೇ ಬಾಕಿ ಯಾರ ಹತ್ತಿರ ಕೇಳಲಿ?"

ಕೊನೆಗೊಂದು ಕಾಲಂ ಇದೆ, 'ಇತರೆ'.
ನೂರನಲವತ್ತು ಅಕ್ಷರ ಹಿಡಿಯುತ್ತದೆ.
ಅವಳು ಹೇಳಿದ್ದನ್ನು ಹೇಳಿದಂತೆಯೇ ಒತ್ತುತ್ತ ಹೋದೆ.
ಅವ್ವನ ಹತ್ತಿರ ಬರುವಷ್ಟರಲ್ಲಿ ಜಾಗ ಮುಗಿಯಿತು.
ಅಜ್ಜಿಯನ್ನು ಚಿಕ್ಕದು ಮಾಡಿದೆ. ಮತ್ತೆ ಒತ್ತಿದೆ.
ಅಷ್ಟರಲ್ಲಿ ಬ್ಯಾಟರಿ ಕಣ್ಣು ಮುಚ್ಚಿತು.

ಅವಳೇ ಒಳಗಿನಿಂದ ವೈರು ತಂದು ಚುಚ್ಚಿದಳು.
ಇಬ್ಬರೂ ಸುಮ್ಮನೆ ಕೂತೆವು,
ಅವಳ ಸೂರಿನ ಬಿಸಿಲು ಹನಿಹನಿಯಾಗಿ
ನನ್ನ ಲೆಕ್ಕದೊಳಗೆ ಇಳಿಯುವುದನ್ನು ನೋಡುತ್ತ.

ಏಳುವಾಗ ಕೈ ಚಾಚಿದಳು:
"ಚಾರ್ಜಿಗೆ ಎರಡು ಕ್ವಾಚಾ. ಊರಿಗೆಲ್ಲ ಒಂದೇ ರೇಟು."
ಕೊಟ್ಟೆ.
ರಸೀದಿ ಕೇಳಲಿಲ್ಲ.